ಎಂಬತ್ತು ಕಿಲೋ

ಆ ದಿನ ಮಧ್ಯಾಹ್ನ ಬೆಳಗಾವಿಯಿಂದ ಬಂದ ವಿಮಾನ ನಾಗಪುರದಲ್ಲಿ ಇಳಿದು ಇನ್ನೂ ಅದರ ಪಂಖಗಳು ನಿಂತಿರಲಿಲ್ಲ, ಇಂಜಿನಿಯರ್ ಫೋನ್ ಮಾಡಿದರು. ಆ್ಯಂಟಿಸ್ಕಿಡ್ ಕೆಟ್ಟಿದೆ, ಬೇಕಾದ ಭಾಗ ಇಲ್ಲಿಲ್ಲ, ನಾಳೆ ಮಧ್ಯಾಹ್ನದೊಳಗೆ ತರಿಸುತ್ತೇನೆ, ಇವತ್ತು ಹೀಗೇ ಕಳಿಸಬೇಕು ಎಂದರು. ಮನೆಯಲ್ಲಿ ಉಪ್ಪು ಮುಗಿದಿದೆ ಎಂದು ಹೇಳುವಷ್ಟು ಸಲೀಸಾಗಿ ಹೇಳಿದರು. ಇಂಜಿನಿಯರುಗಳೆಲ್ಲ ಹೀಗೆಯೇ. ಹೇಳಿ ಅವರು ಹಗುರಾಗುತ್ತಾರೆ, ಭಾರ ನಮ್ಮ ಮೇಜಿಗೆ ಬರುತ್ತದೆ.

ನಮ್ಮ ಮೇಜು ಎಂದರೆ ಡಿಸ್ಪ್ಯಾಚ್. ಒಂದು ವಿಮಾನ ಎಷ್ಟು ಇಂಧನ, ಎಷ್ಟು ಜನ, ಎಷ್ಟು ಸಾಮಾನು ಹೊತ್ತು, ಒಟ್ಟು ಎಷ್ಟು ತೂಕದಲ್ಲಿ ನೆಲ ಬಿಡಬಹುದು ಎಂದು ಲೆಕ್ಕ ಹಾಕಿ, ಕ್ಯಾಪ್ಟನ್ ಸಹಿಯ ಪಕ್ಕದಲ್ಲಿ ನನ್ನ ಸಹಿಯನ್ನೂ ಹಾಕುವ ಕೆಲಸ ನನ್ನದು. ಅದೇ ವಿಮಾನ ನಾಲ್ಕು ಇಪ್ಪತ್ತಕ್ಕೆ ಬೆಳಗಾವಿಗೆ ವಾಪಸು ಹೊರಡಬೇಕಿತ್ತು. ಎಪ್ಪತ್ತು ಸೀಟಿನ ವಿಮಾನ, ಟಿಕೆಟ್ ಕೊಂಡವರು ಐವತ್ತೆಂಟು ಜನ.

ಆ್ಯಂಟಿಸ್ಕಿಡ್ ಎಂದರೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರಗಳು ಬಿಗಿದುಕೊಂಡು ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ. ಅದಿಲ್ಲದೆಯೂ ಹಾರಬಹುದು. ಯಾವ ಭಾಗ ಕೆಟ್ಟಿದ್ದರೆ ಯಾವ ಷರತ್ತಿನ ಮೇಲೆ ಹಾರಬಹುದು ಎಂದು ಹೇಳುವ ದಪ್ಪ ಪುಸ್ತಕವೇ ನಮ್ಮಲ್ಲಿದೆ. ಆ ಪುಸ್ತಕ ಇದಕ್ಕೆ ಎರಡು ಷರತ್ತು ಹಾಕಿತ್ತು. ರನ್‌ವೇ ಒಣಗಿರಲೇಬೇಕು. ಜೊತೆಗೆ, ಇರುವ ಉದ್ದದಲ್ಲಿ ನೂರಕ್ಕೆ ಮೂವತ್ತು ಪಾಲು ಇಲ್ಲವೇ ಇಲ್ಲ ಎಂದುಕೊಂಡು ತೂಕ ಲೆಕ್ಕ ಹಾಕಬೇಕು. ಓಟದ ನಡುವೆ ಎಂಜಿನ್ ಕೈಕೊಟ್ಟು ಪೈಲಟ್ ವಿಮಾನವನ್ನು ನಿಲ್ಲಿಸಬೇಕಾಗಿ ಬಂದರೆ, ಮೆಲ್ಲಗೆ ಬ್ರೇಕ್ ಹಾಕುತ್ತಾ ನಿಲ್ಲಿಸಲು ಅಷ್ಟು ಜಾಗ ಹೆಚ್ಚಿಗೆ ಬೇಕು.

ಬೇರೆ ವಾರವಾಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನಮ್ಮ ರನ್‌ವೇ ಅಷ್ಟು ಉದ್ದವಿದೆ. ಆದರೆ ಆ ವಾರ ಅದರ ಒಂದು ತುದಿಯಲ್ಲಿ ಡಾಂಬರಿನ ಕೆಲಸ ನಡೆಯುತ್ತಿತ್ತು. ನಮಗೆ ಸಿಗುತ್ತಿದ್ದದ್ದು ಸಾವಿರದ ಒಂಬೈನೂರು ಮೀಟರ್, ಅದರಲ್ಲಿ ಮೂವತ್ತು ಪಾಲು ತೆಗೆದರೆ ಸಾವಿರದ ಮುನ್ನೂರ ಮೂವತ್ತು. ಮೇಲೆ ಮೇ ತಿಂಗಳ ನಾಗಪುರ, ನಲವತ್ತೆರಡು ಡಿಗ್ರಿ. ಬಿಸಿಗಾಳಿ ತೆಳುವಾಗಿರುವುದರಿಂದ ರೆಕ್ಕೆಗೂ ಆಸರೆ ಕಡಿಮೆ, ಎಂಜಿನ್ನಿಗೂ ಕಸುವು ಕಡಿಮೆ. ಬಿಸಿಲು ಏರಿದಷ್ಟೂ ವಿಮಾನ ಹೊರುವ ತೂಕ ಇಳಿಯುತ್ತದೆ. ಕಂಪ್ಯೂಟರಿಗೆ ಕೆಟ್ಟ ಆ್ಯಂಟಿಸ್ಕಿಡ್ ಗೊತ್ತಿತ್ತು, ಕತ್ತರಿಸಿದ ರನ್‌ವೇ ಇನ್ನೂ ಗೊತ್ತಿರಲಿಲ್ಲ. ಹಾಗಾಗಿ ಪುಸ್ತಕ, ಪೆನ್ಸಿಲ್, ಸ್ಕೇಲು.

ಕೈಯಿಂದ ಲೆಕ್ಕ ಹಾಕುವಾಗ ನಮ್ಮ ಕಚೇರಿಯಲ್ಲಿ ಒಂದು ರೂಢಿಯಿದೆ. ಯಾವ ನಿಯಮದ ಪುಸ್ತಕದಲ್ಲೂ ಇಲ್ಲ. ಇಬ್ಬರು ಬೆನ್ನಿಗೆ ಬೆನ್ನು ಮಾಡಿ ಕೂತು ಬೇರೆ ಬೇರೆ ಹಾಳೆಯಲ್ಲಿ ಲೆಕ್ಕ ಹಾಕಬೇಕು. ನಡುವೆ ಮಾತಾಡಕೂಡದು, ಇಣುಕಕೂಡದು. ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಸಂಖ್ಯೆ ಹೇಳಬೇಕು. ಹೊಂದಿದರೆ ಸಹಿ. ಹೊಂದದಿದ್ದರೆ ಯಾರದು ತಪ್ಪು ಎಂದು ಹುಡುಕಿ, ತಪ್ಪಿದವರು ಮರುದಿನ ಬೆಳಿಗ್ಗೆ ಎಲ್ಲರಿಗೂ ತರ್ರಿ ಪೋಹಾ, ಅಂದರೆ ಖಾರದ ರಸ ಸುರಿದ ಅವಲಕ್ಕಿ, ತರಬೇಕು. ಮೊದಮೊದಲು ನಾನು ತಂದ ಪೋಹಾದಿಂದಲೇ ಅರ್ಧ ಕಚೇರಿಗೆ ಹೊಟ್ಟೆ ಬಂತು.

ಈ ರೂಢಿ ಹಾಕಿದವರು, ನನಗೆ ಈ ಕೆಲಸ ಕಲಿಸಿದವರು, ನಮ್ಮ ಹಿರಿಯ ಡಿಸ್ಪ್ಯಾಚರ್. ಬೆಳಗಾವಿ ಕಡೆಯವರು. ನಾನು ಇಲ್ಲೇ ಆರ್ಡ್ನನ್ಸ್ ಫ್ಯಾಕ್ಟರಿಯ ಕ್ವಾರ್ಟರ್ಸಿನಲ್ಲಿ ಬೆಳೆದವಳು, ಅಪ್ಪ ಧಾರವಾಡದಿಂದ ವರ್ಗವಾಗಿ ಬಂದವರು. ಕೆಲಸಕ್ಕೆ ಸೇರಿದ ವಾರವೇ ಇವರು ನನ್ನ ಫೋನಿನ ಕನ್ನಡ ಕೇಳಿ ಹಿಂತಿರುಗಿ ನೋಡಿದ್ದರು. ಅಂದಿನಿಂದ ಜನರ ಮುಂದೆ ಸರ್, ಉಳಿದಂತೆ ಕಾಕಾ. ನನಗೆ ಬೈಯುವ ಹಕ್ಕು ಅಪ್ಪನ ನಂತರ ಇವರೊಬ್ಬರಿಗೇ ಇತ್ತು, ಅದನ್ನು ಧಾರಾಳವಾಗಿ ಬಳಸುತ್ತಿದ್ದರು.

ಆ ದಿನ ಕಾಕಾ ರಜೆಯಲ್ಲಿದ್ದರು. ರಜೆಯಲ್ಲಿದ್ದರೂ ವಿಮಾನ ನಿಲ್ದಾಣದಲ್ಲೇ ಇದ್ದರು, ಅದೇ ವಿಮಾನಕ್ಕೆ ಹೊರಟಿದ್ದರು. ಮರುದಿನ ಬೆಳಿಗ್ಗೆ ಹತ್ತಕ್ಕೆ ಬೆಳಗಾವಿಯಲ್ಲಿ ಅವರ ಒಬ್ಬಳೇ ಮಗಳ ಕುಬಸ. ಬಸುರಿ ಮಗಳಿಗೆ ತವರಿನವರು ಹಸಿರು ಸೀರೆ, ಹಸಿರು ಬಳೆ, ಬುತ್ತಿ ಒಯ್ದು ಉಡಿ ತುಂಬಿ ಬರುವ ಕಾರ್ಯ. ಮದುವೆಯಾದ ಒಂಬತ್ತು ವರ್ಷಕ್ಕೆ ನಿಂತ ಬಸಿರು. ಆ ಒಂಬತ್ತು ವರ್ಷದಲ್ಲಿ ಇಲ್ಲಿನ ರಾಮದಾಸಪೇಠದ ಆಸ್ಪತ್ರೆಗಳಿಗೆ ಮಗಳ ಫೈಲು ಹಿಡಿದು ಓಡಾಡಿದವರು ಕಾಕಾನೇ. ಹೀಗಾಗಿ ಕುಬಸದ ದಿನ ಅಪ್ಪ ಎದುರಿಗೇ ಇರಬೇಕು ಎಂದು ಮಗಳು ಮಾತು ತೆಗೆದುಕೊಂಡಿದ್ದಳು.

ಕಂಪನಿಯವರಿಗೆ ಪುಕ್ಕಟೆ ಪಾಸು ಇದೆ, ಆದರೆ ಅದಕ್ಕೊಂದು ಷರತ್ತು. ಜಾಗವಿದ್ದರೆ, ತೂಕಕ್ಕೆ ಅವಕಾಶವಿದ್ದರೆ ಮಾತ್ರ. ತೂಕ ಇಳಿಸಬೇಕಾಗಿ ಬಂದರೆ ಮೊದಲು ಇಳಿಯುವವರು ನಾವೇ. ಟಿಕೆಟ್ ಕೊಳ್ಳಿ ಎಂದು ಹದಿನೈದು ದಿನದ ಹಿಂದೆಯೇ ಹೇಳಿದ್ದೆ. ದಿನಾ ಹತ್ತಾರು ಸೀಟು ಖಾಲಿ ಇರುವ ವಿಮಾನಕ್ಕೆ ಟಿಕೆಟ್ ಕೊಳ್ಳುವವರು ಹುಚ್ಚರು ಎಂದು ಕಾಕಾ ನಕ್ಕಿದ್ದರು. ಇಡೀ ಆಯುಷ್ಯ ತೂಕದ ಲೆಕ್ಕ ಹಾಕಿದವರೇ ಸೀಟು ಎಣಿಸಿ ಸುಮ್ಮನಾಗಿದ್ದರು.

ನನ್ನ ಜೊತೆಗಾರ ಜ್ವರ ಬಂದು ಮನೆಯಲ್ಲಿ ಮಲಗಿದ್ದ. ಎರಡನೆಯ ಹಾಳೆಗೆ ಜನವಿಲ್ಲ. ನಾನು ಹೊರಗೆ ಹೋಗಿ ನೋಡಿದರೆ ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಅವರ ಹೆಂಡತಿ ಕಾಕು ಪಕ್ಕದಲ್ಲಿ, ಕಾಲ ಹತ್ತಿರ ಕುಬಸದ ಗಂಟು ಇಟ್ಟುಕೊಂಡು ಕೂತಿದ್ದರು. ವಿಷಯ ಹೇಳಿದೆ. ಕೇಳುತ್ತಲೇ ಎದ್ದು ತೋಳು ಮಡಚಿದರು. ತಮ್ಮ ಪ್ರಯಾಣದ ತೂಕವನ್ನು ತಾವೇ ಲೆಕ್ಕ ಹಾಕಬಾರದಲ್ಲ ಎಂದು ನಾನು ಅನುಮಾನಿಸಿದಾಗ, ಸಹಿ ನಿನ್ನದು, ನನ್ನದು ಬರೀ ಹಾಳೆ, ನಡಿ ಎಂದರು.

ಬೆನ್ನಿಗೆ ಬೆನ್ನು ಮಾಡಿ ಕೂತೆವು. ಮೊದಲು ಉದ್ದ, ಆಮೇಲೆ ಗಾಳಿ, ಆಮೇಲೆ ರನ್‌ವೇಯ ಇಳಿಜಾರು, ಕೊನೆಗೆ ಬಿಸಿಲು. ಪ್ರತಿಯೊಂದಕ್ಕೂ ಪುಸ್ತಕದ ತೂಕದ ನಕ್ಷೆಯಲ್ಲಿ ಒಂದು ಗೆರೆ, ಒಂದು ಗೆರೆ ಮುಗಿದಲ್ಲಿಂದ ಇನ್ನೊಂದು. ಹಿಂದಿನಿಂದ ಅವರ ಪೆನ್ಸಿಲ್ಲಿನ ಸದ್ದು, ಮೂಗಿನಲ್ಲೇ ಏನೋ ಗುನುಗುವುದು ಕೇಳುತ್ತಿತ್ತು. ಅವರ ಹಿಂದೆ ಕೂತು ಲೆಕ್ಕ ಹಾಕುವಾಗ ನನಗೆ ಸಿಗುವ ನೆಮ್ಮದಿ ಬೇರೆಲ್ಲೂ ಸಿಕ್ಕಿಲ್ಲ.

ಸಂಖ್ಯೆ ಒಟ್ಟಿಗೇ ಹೇಳಿದೆವು. ಇಪ್ಪತ್ತೊಂದು ಸಾವಿರದ ನಾನ್ನೂರು ಕಿಲೋ. ಒಂದು ಕಿಲೋ ಆಚೀಚೆ ಇರಲಿಲ್ಲ.

ಮುಂದಿನದು ಬರೀ ಕಳೆಯುವುದು. ಸಿಬ್ಬಂದಿ ಸಮೇತ ಖಾಲಿ ವಿಮಾನ, ಮೇಲೆ ಇಂಧನ, ಎರಡೂ ಸೇರಿ ಹದಿನಾರು ಸಾವಿರ. ಐವತ್ತೆಂಟು ಜನ, ತಲೆಗೆ ಸಾಮಾನು ಸಮೇತ ತೊಂಬತ್ತು ಕಿಲೋದಂತೆ ಐದು ಸಾವಿರದ ಇನ್ನೂರ ಇಪ್ಪತ್ತು. ಉಳಿದದ್ದು ನೂರ ಎಂಬತ್ತು ಕಿಲೋ. ಸರಿಯಾಗಿ ಇಬ್ಬರ ತೂಕ. ಕಾಕಾ ಹಾಳೆಯನ್ನು ಮೇಜಿನ ಮೇಲೆ ಇಟ್ಟು, ನನ್ನ ತಲೆಯ ಮೇಲೆ ಮೆಲ್ಲಗೆ ಒಂದು ಏಟು ಕೊಟ್ಟು ಹೊರಟರು. ಅದು ಅವರ ಸಂತೋಷ.

ಇಬ್ಬರಿಗೂ ಬೋರ್ಡಿಂಗ್ ಪಾಸ್ ಕೊಡಲು ಹೇಳಿದೆ. ಕ್ಯಾಪ್ಟನ್‌ಗೆ ಸಂಖ್ಯೆ ಕಳಿಸಿದೆ. ಪಶ್ಚಿಮದಲ್ಲಿ ಮೋಡ ಕಟ್ಟುತ್ತಿತ್ತು. ಇಲ್ಲಿನ ಮೇ ತಿಂಗಳಲ್ಲಿ ಸಂಜೆಗೆ ಧೂಳೆದ್ದು ಹತ್ತು ನಿಮಿಷ ಹೊಡೆದು ಹೋಗುವ ಮಳೆ ಹೊಸದೇನಲ್ಲ, ಆದರೆ ರನ್‌ವೇ ಒದ್ದೆಯಾದರೆ ಆ ದಿನ ಈ ವಿಮಾನ ಹೊರಡುವಂತಿಲ್ಲ. ಜಲ್ದಿ ಕಳಿಸಬೇಕು ಎಂದುಕೊಳ್ಳುತ್ತಾ ಕಾಗದಗಳನ್ನು ಫೈಲಿಗೆ ಪಿನ್ ಮಾಡತೊಡಗಿದೆ. ಕೊನೆಯಲ್ಲಿ ಸೇರಿಸಬೇಕಾದದ್ದು ರನ್‌ವೇ ಕೆಲಸದ ನೋಟೀಸು. ಉದ್ದ ನೋಡಲು ಇಬ್ಬರೂ ಅದರ ಮೊದಲ ಸಾಲನ್ನು ಓದಿದ್ದೆವು. ಪಿನ್ ಒತ್ತುವಾಗ ಹೆಬ್ಬೆರಳು ಮೂರನೆಯ ಸಾಲಿನ ಮೇಲಿತ್ತು. ತೆಗೆದು ಓದಿದೆ. ಬಳಕೆಗಿರುವ ಭಾಗದ ಇಳಿಜಾರಿನ ಅಂಕಿ ಅಲ್ಲಿತ್ತು. ಇಳಿಜಾರಲ್ಲ, ಏರು.

ಇಡೀ ರನ್‌ವೇಯನ್ನು ಹಿಡಿದರೆ ನಾವು ಓಡುವ ದಿಕ್ಕಿಗೆ ಅದು ಕಣ್ಣಿಗೆ ಕಾಣದಷ್ಟು ಇಳಿಜಾರು. ಆ ಅಂಕಿ ಕಾಕಾಗೆ ಬಾಯಿಪಾಠ, ವರ್ಷಗಟ್ಟಲೆ ನೋಡದೆ ಬರೆದವರು. ನನಗೂ ಬಾಯಿಪಾಠ, ಏಕೆಂದರೆ ಕಲಿಸಿದವರು ಅವರು. ಆದರೆ ಇಳಿಜಾರೆಲ್ಲ ಈಗ ಡಾಂಬರು ಹಾಕುತ್ತಿದ್ದ ತುದಿಯಲ್ಲಿತ್ತು. ನಮಗೆ ಉಳಿದ ಭಾಗ ಸಣ್ಣಗೆ ಏರುತ್ತಿತ್ತು. ಏರಿನಲ್ಲಿ ವಿಮಾನ ವೇಗ ಹಿಡಿಯಲು ಹೆಚ್ಚು ದೂರ ಬೇಕು. ಇಬ್ಬರು ಲೆಕ್ಕ ಹಾಕಿದ್ದೇವೆ ಎಂದುಕೊಂಡಿದ್ದೆವು. ನಿಜವಾಗಿ ಹಾಕಿದವರು ಒಬ್ಬರೇ, ಎರಡು ಕೈಯಲ್ಲಿ.

ಮತ್ತೆ ಗೆರೆ ಎಳೆದೆ. ಇಪ್ಪತ್ತೊಂದು ಸಾವಿರದ ಮುನ್ನೂರ ಇಪ್ಪತ್ತು. ಎಂಬತ್ತು ಕಿಲೋ ಕಡಿಮೆ. ಉಳಿಯುವುದು ನೂರು ಕಿಲೋ, ಅಂದರೆ ಒಬ್ಬರಿಗೆ ಮಾತ್ರ ಜಾಗ.

ಆಗ ನನ್ನ ತಲೆಯಲ್ಲಿ ಓಡಿದ್ದನ್ನು ಮುಚ್ಚಿಡುವುದಿಲ್ಲ. ಇಪ್ಪತ್ತೊಂದು ಸಾವಿರ ಕಿಲೋದಲ್ಲಿ ಎಂಬತ್ತು ಯಾವ ಲೆಕ್ಕ? ನಕ್ಷೆ ಬರೆದವರೇ ಸುರಕ್ಷತೆಗೆಂದು ಸಾಕಷ್ಟು ಅಂಚು ಬಿಟ್ಟಿರುತ್ತಾರೆ. ಎರಡು ಹಾಳೆ ಹೊಂದಿವೆ, ಕೇಳುವವರಿಲ್ಲ. ಎಂಜಿನ್ ಇವತ್ತೇ, ಇದೇ ಓಟದಲ್ಲೇ ಕೈಕೊಡಬೇಕೇ? ಇಂಧನದಲ್ಲಿ ಎಂಬತ್ತು ಕಿಲೋ ತೆಗೆಯೋಣವೆಂದರೆ, ಮೋಡ ನೋಡಿ ಕ್ಯಾಪ್ಟನ್ ಇನ್ನಷ್ಟು ಕೊಡಿ ಎನ್ನುವ ಹೊತ್ತು.  ಆ ಅಂಚಿನ ಬಗ್ಗೆ ಕಾಕಾ ನನಗೆ ಮೊದಲ ವರ್ಷವೇ ಹೇಳಿದ್ದು ಜ್ಞಾಪಕಕ್ಕೆ ಬಂತು. ಆ ಅಂಚು ಪೈಲಟ್‌ಂದು ಅವ್ವಿ, ನಮ್ಮದಲ್ಲ, ನಾವು ಅದಕ್ಕ ಕೈ ಹಚ್ಚಬಾರದು ಎಂದಿದ್ದರು. ಅವರ ಮೇಲೆ ಸಿಟ್ಟೇ ಬಂತು. ಇಷ್ಟು ಚೆನ್ನಾಗಿ ಕಲಿಸದೇ ಇದ್ದಿದ್ದರೆ ನಾನು ಆ ಹೊತ್ತಿಗೆ ಚಹಾ ಕುಡಿಯುತ್ತಿದ್ದೆ.

ಮೊದಲು ಕ್ಯಾಪ್ಟನ್‌ಗೆ ಫೋನ್ ಮಾಡಿ ಹಳೆಯ ಸಂಖ್ಯೆ ಹೊಡೆದುಹಾಕಿ ಎಂದೆ. ಆಮೇಲೆ ಎರಡೂ ಹಾಳೆ, ನೋಟೀಸು ಹಿಡಿದು ಗೇಟಿಗೆ ಹೋದೆ. ಜನ ಸಾಲಿನಲ್ಲಿ ನಿಂತಿದ್ದರು, ಕೊನೆಯಲ್ಲಿ ಅವರಿಬ್ಬರು. ನನ್ನ ಮುಖ ನೋಡಿಯೇ ಕಾಕಾ ಸಾಲು ಬಿಟ್ಟು ಬಂದರು.

"ಕಾಕಾ, ನಾವಿಬ್ಬರೂ ತಪ್ಪೇವಿ," ಎಂದೆ. ನೋಟೀಸಿನ ಮೂರನೆಯ ಸಾಲಿಗೆ ಬೆರಳಿಟ್ಟೆ.

ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಓದಿದರು. ಗೇಟಿನ ಮೇಜಿನ ಮೇಲೆ ಹಾಳೆಯಿಟ್ಟು ನಿಂತೇ ಲೆಕ್ಕ ಹಾಕಿದರು. ನನ್ನ ಹೊಸ ಸಂಖ್ಯೆಯನ್ನು ನಾನು ಹೇಳಿರಲಿಲ್ಲ, ಅವರೂ ಕೇಳಲಿಲ್ಲ. 

"ಇಪ್ಪತ್ತೊಂದು ಮುನ್ನೂರ ಇಪ್ಪತ್ತು," ಎಂದರು.

"ಹೌದ್ರಿ."

ತಮ್ಮ ಹಳೆಯ ಸಂಖ್ಯೆಯ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಹೊಸದನ್ನು ಬರೆದು, ಪೆನ್ಸಿಲ್ ನನ್ನ ಕೈಗೆ ಕೊಟ್ಟರು. ನನ್ನ ಒಳಗಿನ ಡಿಸ್ಪ್ಯಾಚರ್ ಆ ಹೊತ್ತಿಗೆ ಎಲ್ಲೋ ಹೋಗಿದ್ದಳು. ಐದು ಗಂಟೆಗೆ ಬಿಸಿಲು ಮೂರು ಡಿಗ್ರಿ ಇಳಿಯುತ್ತದೆ, ಆಗ ಇಬ್ಬರೂ ಹೋಗಬಹುದು, ಕ್ಯಾಪ್ಟನ್‌ಗೆ ಕೇಳಿ ನಿಲ್ಲಿಸುತ್ತೇನೆ ಎಂದು ಬಡಬಡಿಸಿದೆ. ಅವರು ಕಿಟಕಿಯಾಚೆಯ ಮೋಡ ತೋರಿಸಿದರು.

"ಐವತ್ತೆಂಟು ಮಂದೀನ ನನ್ನ ಸಲುವಾಗಿ ಕೂಡಸ್ತೀಯೇನು? ಐದಕ್ಕ ಮಳಿ ಬಿದ್ದರ ಯಾರೂ ಹೋಗೂದಿಲ್ಲ. ನಿಮ್ಮ ಕಾಕುನೂ ಹೋಗೂದಿಲ್ಲ."

ಕಾಕುಗೆ ಅವರೇ ಹೇಳಿದರು. ಕಾಕು ಮೊದಲು ನಂಬಲಿಲ್ಲ. ಹನ್ನೆರಡು ಸೀಟು ಖಾಲಿ ಬಿಟ್ಟು ಗಂಡನನ್ನು ಇಳಿಸುವುದು ಯಾವ ಊರಿನ ನ್ಯಾಯ ಎಂದು ನನ್ನನ್ನೇ ಕೇಳಿದರು. ಹಾಗಾದರೆ ತಾನೂ ಹೋಗುವುದಿಲ್ಲ, ಒಬ್ಬಳೇ ವಿಮಾನ ಹತ್ತಿದವಳಲ್ಲ, ಮೇಲೇಳುವಾಗ ಇವರ ಕೈ ಹಿಡಿಯದೆ ಕೂತವಳಲ್ಲ ಎಂದರು. ತಾಯಿ ಇಲ್ಲದೆ ಉಡಿ ತುಂಬುವವರು ಯಾರು ಎಂದು ಕಾಕಾ ಒಂದೇ ಮಾತು ಕೇಳಿದ ಮೇಲೆ ಹೊರಡಲು ಒಪ್ಪಿದರು. ಅಂದಿನ ಬಸ್ಸು ಹೋಗಿಯಾಗಿತ್ತು. ಮರುದಿನದ ವಿಮಾನ ತಲುಪುವುದು ಸಂಜೆಗೆ. ಕಾಕಾ ಕುಬಸಕ್ಕೆ ಇರುವುದಿಲ್ಲ ಎನ್ನುವುದು ಮೂವರಿಗೂ ಗೊತ್ತಾಯಿತು.

ಕಾಕು ಅಲ್ಲೇ ನೆಲದ ಮೇಲೆ ಕೂತು ಗಂಟು ಬಿಚ್ಚಿದರು. ಹಸಿರು ಸೀರೆ, ಬಳೆಯ ಡಬ್ಬಿ, ಸಂತ್ರಾ ಬರ್ಫಿ, ಶೇಂಗಾ ಹೋಳಿಗೆ. ಎಲ್ಲವನ್ನೂ ಸರಿಸಿ, ಉಡಿ ತುಂಬುವ ಅಕ್ಕಿಯ ಚೀಲದಿಂದ ಒಂದು ಹಿಡಿ ತೆಗೆದರು. ಕಟ್ಟಲು ಕಾಗದ ಹುಡುಕಿದಾಗ ಕಾಕಾ ತಮ್ಮ ಬೋರ್ಡಿಂಗ್ ಪಾಸ್ ಕೊಟ್ಟರು. ಅದರಲ್ಲೇ ಪೊಟ್ಟಣ ಕಟ್ಟಿ ಅವರ ಅಂಗಿಯ ಜೇಬಿಗಿಟ್ಟರು.

"ಹತ್ತಕ್ಕ ಬರೋಬರ್ ಫೋನ್ ಹಚ್ಚತೀನಿ. ಇಲ್ಲಿಂದನ ಮಗಳ ತಲಿ ಮ್ಯಾಲೆ ಹಾಕ್ರಿ," ಎಂದರು.

ವಿಮಾನ ಮೇಲೇಳುವಾಗ ಕಾಕು ಪಕ್ಕದಲ್ಲಿ ಯಾರನ್ನಾದರೂ ಕೂರಿಸಿ ಎಂದು ನಾನು ಕ್ಯಾಪ್ಟನ್‌ಗೆ ಕೇಳಿಕೊಂಡೆ. ಆಕೆ ಹಿಂದಿಯಲ್ಲಿ, ಸಂಖ್ಯೆ ತಿದ್ದಿದ್ದು ಒಳ್ಳೆಯದಾಯಿತು, ನಿಮ್ಮ ಕಾಕು ಈಗ ನನ್ನ ಜವಾಬ್ದಾರಿ ಎಂದಳು. ಕಾಕು ಮೆಟ್ಟಿಲು ಹತ್ತುವ ತನಕ ಮೂರು ಸಲ ತಿರುಗಿ ನೋಡಿದರು.

ನಾವಿಬ್ಬರೂ ಕಚೇರಿಯ ಕಿಟಕಿಗೆ ಬಂದು ನಿಂತೆವು. ನಾಲ್ಕು ಮೂವತ್ತೆಂಟಕ್ಕೆ ವಿಮಾನ ಓಡತೊಡಗಿತು. ಚಕ್ರ ಎಲ್ಲಿ ನೆಲ ಬಿಡುತ್ತದೆ ಎಂದು ನೋಡುವುದು ಕಾಕಾನ ಚಾಳಿ, ಅವರಿಂದ ನನಗೂ ಅಂಟಿದೆ. ಬಿಟ್ಟ ಜಾಗ ನೋಡಿ ತಲೆಯಾಡಿಸಿದರು. ಅವರ ಬಲಗೈ ಕಿಟಕಿಯ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು, ವಿಮಾನ ಮೋಡದ ಪಕ್ಕಕ್ಕೆ ಸರಿದು ಕಾಣದಾಗುವ ತನಕ ಬಿಡಲಿಲ್ಲ. ಇಪ್ಪತ್ತು ನಿಮಿಷಕ್ಕೆ ಧೂಳೆದ್ದು ದೊಡ್ಡ ಹನಿಗಳು ಬಿದ್ದವು. ರನ್‌ವೇ ಒದ್ದೆಯಾಯಿತು. ಕ್ಷಮಿಸಿ ಎಂದು ನಾನು ಹೇಳಲು ಹೋದರೆ, ಮಾಡಿದ ತಪ್ಪಿಗೆ ಕೇಳು, ತಿದ್ದಿದ್ದಕ್ಕೆ ಕೇಳಬೇಡ ಎಂದು ಗದರಿಸಿ ಮನೆಗೆ ಹೋದರು.

ಮರುದಿನ ಬೆಳಿಗ್ಗೆ ನಾನು ಸದರ್ ಪೇಟೆಯಿಂದ ತರ್ರಿ ಪೋಹಾ ಕಟ್ಟಿಸಿಕೊಂಡು ಕಚೇರಿಗೆ ಹೋದೆ. ಒಳಗೆ ಕಾಲಿಟ್ಟರೆ ಮೇಜಿನ ಮೇಲೆ ಆಗಲೇ ಅಷ್ಟೇ ದೊಡ್ಡ ಪೊಟ್ಟಣ, ಪಕ್ಕದಲ್ಲಿ ಅದೇ ಬಿಳಿ ಅಂಗಿಯಲ್ಲಿ ಕಾಕಾ. ತಪ್ಪಿದವರು ಇಬ್ಬರಲ್ಲವೇ? ಇಬ್ಬರೂ ತಂದಿದ್ದೆವು. ಇಂಜಿನಿಯರ್ ಎರಡು ತಟ್ಟೆ ತಿಂದು, ದಿನಾ ಹೀಗೇ ತಪ್ಪಿ ಎಂದು ಹರಸಿ ಹೋದರು.

ಹತ್ತಕ್ಕೆ ಫೋನ್ ಬಂತು. ಪುಟ್ಟ ಪರದೆಯಲ್ಲಿ ಹಸಿರು ಸೀರೆಯುಟ್ಟ ಮಗಳು, ಮೊಣಕೈವರೆಗೆ ಹಸಿರು ಬಳೆ, ಹಿಂದೆ ಹೆಂಗಸರ ಗದ್ದಲ. ಆಕೆ ನಗಲಿಲ್ಲ.

"ಮಾತು ಕೊಟ್ಟಿದ್ರಿ ಅಪ್ಪಾ. ಹನ್ನೆರಡು ಸೀಟು ಖಾಲಿ ಇದ್ದೂವಂತ. ಯಾಕ ಬರಲಿಲ್ಲ?"

ನಾನು ಎದ್ದು ಹೊರಗೆ ಹೋಗಲು ನೋಡಿದೆ. ಕಾಕಾ ನನ್ನ ಮುಂಗೈ ಹಿಡಿದು ಪರದೆಯೊಳಗೆ ಎಳೆದರು.

"ಇಲ್ಲಿ ನಿಮ್ಮಕ್ಕ ಅದಾಳ ನೋಡು," ಎಂದರು. "ನಾ ಲೆಕ್ಕ ತಪ್ಪಿದ್ದೆ. ನಿಮ್ಮವ್ವ ತಪ್ಪಿದ ಲೆಕ್ಕದ ಮ್ಯಾಲೆ ಹಾರತಿದ್ಲು, ಆಕೀ ಕೂಡ ಐವತ್ತೆಂಟು ಮಂದಿ. ಈಕಿ ನನ್ನ ಮುಖ ನೋಡಲಿಲ್ಲ, ಲೆಕ್ಕ ನೋಡಿದ್ಲು. ನನಗ ಇಬ್ಬರು ಹೆಣ್ಣುಮಕ್ಕಳು. ಒಬ್ಬಾಕಿ ಹತ್ರ ಇರಾಕ ಆಗಲಿಲ್ಲ, ಇನ್ನೊಬ್ಬಾಕಿ ಹತ್ರ ಇದೀನಿ."

ಆ ಕಡೆ ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಈ ಕಡೆ ನನಗೆ ಸೆರಗಿರಲಿಲ್ಲ, ಸಮವಸ್ತ್ರದ ತೋಳೇ ಗತಿ. ಕಾಕು ಹಿಂದಿನಿಂದ, ಜಲ್ದಿ ಹಾಕ್ರಿ, ಹೊತ್ತು ಮೀರಾಕತ್ತೈತಿ ಎಂದರು. ಕಾಕಾ ಜೇಬಿನಿಂದ ಪೊಟ್ಟಣ ತೆಗೆದು, ಎದ್ದು ನಿಂತು, ಅರ್ಧ ಅಕ್ಕಿಯನ್ನು ಫೋನಿನ ಪರದೆಯ ಮೇಲೆ, ಮಗಳ ತಲೆ ಕಾಣುತ್ತಿದ್ದ ಕಡೆಗೆ ಹಾಕಿದರು. ಉಳಿದರ್ಧವನ್ನು ನನ್ನ ತಲೆಯ ಮೇಲೆ ಹಾಕಿದರು.

ಕಾಳುಗಳು ಮೇಜಿನ ತುಂಬ ಚೆಲ್ಲಿದವು. ಅಂದಿನ ಹಾಳೆಯ ಮೇಲೆ ಬಿದ್ದವನ್ನು ನಾನು ಗುಡಿಸಹೊರಟಾಗ, ಇದರ ತೂಕ ಬರಕೋಬ್ಯಾಡ, ಇದು ಪುಕ್ಕಟೆ ಎಂದರು.

ಆ ಸಂಜೆ ದುರಸ್ತಿಯಾದ ವಿಮಾನದಲ್ಲಿ ಅವರು ಬೆಳಗಾವಿಗೆ ಹೋದರು, ಈ ಸಲ ಟಿಕೆಟ್ ಕೊಂಡು. ಈಗ ನಮ್ಮ ರೂಢಿ ಸ್ವಲ್ಪ ಬದಲಾಗಿದೆ. ಎರಡನೆಯ ಹಾಳೆ ಹಾಕುವವರು ಇಳಿಜಾರಿನ ಅಂಕಿಯನ್ನು ನೋಟೀಸಿನಿಂದ ಗಟ್ಟಿಯಾಗಿ ಓದಿ ಬರೆಯಬೇಕು, ಬಾಯಿಪಾಠದಿಂದ ಬರೆದರೆ ಲೆಕ್ಕ ಸರಿಯಿದ್ದರೂ ಪೋಹಾ ತರಬೇಕು. ಮೊನ್ನೆ ಆ ನಕ್ಷೆಯ ಪುಟ ತಿರುಗಿಸಿದಾಗ ಹೊಲಿಗೆಯ ಸಂದಿಯಲ್ಲಿ ಒಂದು ಅಕ್ಕಿಕಾಳು ಸಿಕ್ಕಿತು. ಕಾಕಾ ಬೆನ್ನ ಹಿಂದೆ ಗುನುಗುತ್ತಾ ತಮ್ಮ ಗೆರೆ ಎಳೆಯುತ್ತಿದ್ದರು. ನಾನು ಕಾಳನ್ನು ಅಲ್ಲೇ ಬಿಟ್ಟು, ಗಟ್ಟಿಯಾಗಿ ಇಳಿಜಾರು ಓದಿದೆ.